ಆರ್ಲೀನಳ ತೂಕ

ನನ್ನ ಮಗಳು ಮಾರೆನ್‌ಗೆ ಆರು ವಾರ ತುಂಬಿದಾಗ ಅವಳ ತೂಕ ನೋಡಬೇಕೆಂದು ದಾದಿ ಹೇಳಿದ್ದಳು. ಲ್ಯಾಂಕಾಸ್ಟರಿನ ಆಸ್ಪತ್ರೆಗೆ ಹೋಗಲು ಕಾರಿರಲಿಲ್ಲ. ನನ್ನ ಗಂಡ ಕ್ಲೇ ಅದನ್ನು ತೆಗೆದುಕೊಂಡು ಗಾಳಿಯಂತ್ರಗಳ ಕೆಲಸಕ್ಕೆ ಬೆಟ್ಟ ಹತ್ತಿದ್ದ. ಎರಡು ದಿನದಿಂದ ಮಗು ಸರಿಯಾಗಿ ಹಾಲು ಕುಡಿದಿರಲಿಲ್ಲ, ನನ್ನ ಜೀವ ಕೈಯಲ್ಲಿತ್ತು. ಆಗ ಹಿತ್ತಲಿನಾಚೆಯ ತಗಡಿನ ಶೆಡ್ಡು ನೆನಪಾಯಿತು. ನಾವು ಬಾಡಿಗೆಗಿದ್ದ ಮನೆಯೂ ಆ ಶೆಡ್ಡೂ ವೆರ್ನಾ ಸ್ಟಿಡಮ್‌ಳವು. ಅವಳಿಗೆ ಅರವತ್ತಮೂರು ವರ್ಷ. ಹಳೆಯ ಕಾರುಗಳ ಚಾಸಿ, ಅಂದರೆ ಅಡಿಯ ಚೌಕಟ್ಟನ್ನು, ಕತ್ತರಿಸಿ, ಬೆಸೆದು, ಅವು ಓಡುವಂತೆ ಮಾಡಿಕೊಡುವುದು ಅವಳ ಅಪ್ಪನ ಕಸುಬು, ಆಮೇಲೆ ಅವಳದು. ಅಲ್ಲಿ ತಕ್ಕಡಿ ಇದ್ದೇ ಇರುತ್ತದೆ ಅಂದುಕೊಂಡೆ.

ಇತ್ತು. ಮುಚ್ಚಿಹೋದ ದಿನಸಿ ಅಂಗಡಿಯಿಂದ ತಂದ ಬಟ್ಟಲು ತಕ್ಕಡಿ; ಪಿಸ್ಟನ್ನುಗಳನ್ನು ಅದರಲ್ಲೇ ತೂಗುತ್ತಿದ್ದಳು. ಬಟ್ಟಲನ್ನು ಸೋಪಿನಿಂದ ಎರಡು ಸಲ ತೊಳೆದು, ಒಗೆದ ಟವೆಲು ಹಾಸಿ, ಟವೆಲಿನ ತೂಕವನ್ನು ಮೊದಲು ಕಳೆದು, ಆಮೇಲೆ ಮಗುವನ್ನು ಮಲಗಿಸು ಅಂದಳು. ಒಂಬತ್ತು ಪೌಂಡು ಹದಿನಾಲ್ಕು ಔನ್ಸು. ದಾದಿ ಹೇಳಿದ್ದಕ್ಕಿಂತ ಹೆಚ್ಚೇ ಇತ್ತು. ನಾನು ಅಲ್ಲೇ ಒಂದು ಟೈರಿನ ಮೇಲೆ ಕುಳಿತು ಅತ್ತೆ. ವೆರ್ನಾ ನನ್ನನ್ನು ನೋಡಲಿಲ್ಲ. ಜೇಬಿನಿಂದ ಸೀಮೆಸುಣ್ಣ ತೆಗೆದು ಗೋಡೆಯ ಮೇಲೆ ಬರೆದಳು: ಮಾರೆನ್, ಒಂಬತ್ತು ಹದಿನಾಲ್ಕು.

ಆ ಗೋಡೆಯ ಮೇಲೆ ಮೊದಲೇ ಒಂದು ಪಟ್ಟಿ ಇತ್ತು. ಇಂಜಿನ್, ಗೇರುಪೆಟ್ಟಿಗೆ, ಬಾಡಿ, ಬ್ಯಾಟರಿ, ಹತ್ತು ಗ್ಯಾಲನ್ ಪೆಟ್ರೋಲು, ಎಲ್ಲಕ್ಕೂ ಎದುರು ಪೌಂಡಿನಲ್ಲಿ ತೂಕ. ಕೊನೆಯಲ್ಲಿ ಎರಡು ಹೆಸರು. ವೆರ್ನಾ, ನೂರ ನಲವತ್ತೆಂಟು. ಆರ್ಲೀನ್, ನೂರ ಮೂವತ್ತೊಂದು. ವೆರ್ನಾಳ ಅಂಕಿಯನ್ನು ಅಳಿಸಿ ಅಳಿಸಿ ಬರೆದು ಅಲ್ಲಿ ಗೋಡೆ ಬೆಳ್ಳಗಾಗಿತ್ತು. ಆರ್ಲೀನಳದನ್ನು ಯಾರೂ ಮುಟ್ಟಿದಂತಿರಲಿಲ್ಲ.

ಅದು ತೊಂಬತ್ತನಾಲ್ಕರ ವಸಂತ. ಅಲ್ಲಿಂದ ಪ್ರತಿ ಶುಕ್ರವಾರ ಮಗುವನ್ನು ತೂಗಿಸುವ ನೆಪದಲ್ಲಿ ಶೆಡ್ಡಿಗೆ ಹೋಗತೊಡಗಿದೆ. ನಮ್ಮೂರು ರೋಸಮಂಡಿನ ಮರುಭೂಮಿ ಗಾಳಿಗೆ ಮನೆಯ ಕಿಟಕಿಗಳೆಲ್ಲ ದಿನವಿಡೀ ಹಲ್ಲು ಕಡಿಯುತ್ತವೆ. ಮಗುವನ್ನೆತ್ತಿಕೊಂಡು ಒಬ್ಬಳೇ ಆ ಸದ್ದು ಕೇಳುವುದಕ್ಕಿಂತ ಅಲ್ಲಿ ಎಣ್ಣೆಯ ವಾಸನೆಯಲ್ಲಿ ಕೂರುವುದು ಹಿತವೆನಿಸುತ್ತಿತ್ತು. ನಾನು ಹುರುಳಿಕಾಯಿ ಬಿಡಿಸುತ್ತಲೋ ಚಿಕ್ಕ ಅಂಗಿಗೆ ಗುಂಡಿ ಹಾಕುತ್ತಲೋ ಇರುತ್ತಿದ್ದೆ, ಅವಳು ತನ್ನ ಕೆಲಸ ಮಾಡುತ್ತಿದ್ದಳು. ಊರವರ ಕೆಲಸ ಬೆಳಗ್ಗೆ. ಊಟದ ನಂತರ ಮೂಲೆಯಲ್ಲಿದ್ದ ಮೂವತ್ತೊಂದರ ಮಾಡಲಿನ ಕಪ್ಪು ಫೋರ್ಡ್. ಎರಡೇ ಸೀಟು, ತಗ್ಗಿಸಿದ ಚಾವಣಿ, ಹೊರಗೆ ಕಾಣುವ ಇಂಜಿನ್. ಅದನ್ನು ನೋಡಿದರೆ ನಾಳೆಯೇ ಹೊರಟುಬಿಡುವಂತಿತ್ತು.

ಆದರೆ ಅದರ ಚಾಲಕನ ಸೀಟಿನಲ್ಲಿ ಒಂದು ಮರಳಿನ ಚೀಲ ಕುಳಿತಿರುತ್ತಿತ್ತು. ಜಾರದಿರಲಿ ಎಂದು ವೆರ್ನಾ ಅದರ ಸೊಂಟಕ್ಕೆ ಬೆಲ್ಟು ಬಿಗಿದಿದ್ದಳು.

ಬಿಡಿಭಾಗ ಮಾರುವ ಡ್ವೇನ್ ಬಂದಾಗಲೆಲ್ಲ ಮೊದಲು ಚೀಲಕ್ಕೆ ಟೋಪಿ ತೆಗೆದು ನಮಸ್ಕರಿಸುತ್ತಿದ್ದ.

“ಏನ್ ವೆರ್ನಾ, ಇವನಿಗಿನ್ನೂ ಲೈಸೆನ್ಸ್ ಕೊಟ್ಟಿಲ್ವಾ ಸರ್ಕಾರದೋರು?”

“ನಿನಗೆ ಕೊಟ್ಟಿದಾರಲ್ಲ, ಅದೇ ಅವರು ಮಾಡಿದ ತಪ್ಪು,” ಅನ್ನುತ್ತಿದ್ದಳು ವೆರ್ನಾ, ಕಾರಿನಡಿಯಿಂದಲೇ.

ಚೀಲ ಯಾಕೆ ಅಂತ ನಾನು ಕೇಳಿದ್ದು ಮೇ ತಿಂಗಳಲ್ಲಿ. ಅವತ್ತು ಟೇಪಿನ ಒಂದು ತುದಿ ಹಿಡಿಯಲು ಅವಳಿಗೆ ಜನ ಬೇಕಿತ್ತು. ಮಗು ಬುಟ್ಟಿಯಲ್ಲಿ ನಿದ್ದೆಹೋಗಿತ್ತು. ಮುಂದಿನ ಅಚ್ಚಿನ ಎಡತುದಿಯಿಂದ ಹಿಂದಿನ ಅಚ್ಚಿನ ಬಲತುದಿಗೆ ಅಳತೆ. ಆಮೇಲೆ ಬಲದಿಂದ ಎಡಕ್ಕೆ. ಎರಡೂ ಕೂದಲೆಳೆಯಷ್ಟು ತಪ್ಪದೆ ಒಂದೇ ಇರಬೇಕು. ಇಲ್ಲದಿದ್ದರೆ ಕಾರು ನಾಯಿಯ ಹಾಗೆ ಸೊಟ್ಟ ಓಡುತ್ತದೆ, ಮುಖ ಒಂದು ಕಡೆ, ಬಾಲ ಒಂದು ಕಡೆ. ಹಿಂದಿನ ಅಚ್ಚು ಮೇಲೆ ಕೆಳಗೆ ಮಾತ್ರ ಆಡಬೇಕು, ಅವಳ ಪ್ರಕಾರ. ಮುಂದಕ್ಕೆ ಹೋಗಕೂಡದು, ಹಿಂದಕ್ಕೆ ಬರಕೂಡದು, ತಿರುಚಕೂಡದು. ಅದಕ್ಕೆ ಉದ್ದಕ್ಕೆ ನಾಲ್ಕು ಸರಳು. ಪಕ್ಕಕ್ಕೂ ಸರಿಯಕೂಡದು; ಅದಕ್ಕೆ ಒಂದು ಅಡ್ಡಸರಳು, ಒಂದು ತುದಿ ಚಾಸಿಗೆ, ಇನ್ನೊಂದು ತುದಿ ಅಚ್ಚಿಗೆ. ಆ ಅಡ್ಡಸರಳಿನ ಮೇಲೆ ರಸಮಟ್ಟ ಇಟ್ಟು ನನ್ನನ್ನು ಕಾವಲಿಗೆ ಕೂರಿಸಿ ತಾನು ಹೋಗಿ ಚೀಲದ ಪಕ್ಕದ ಸೀಟಿನಲ್ಲಿ ಕುಳಿತಳು. ಕಾರು ಸ್ವಲ್ಪ ಕುಸಿಯಿತು. ರಸಮಟ್ಟದ ಗುಳ್ಳೆ ಎಲ್ಲಿದೆ ಅಂತ ಕೂಗಿ ಕೇಳಿದಳು. ನಡುವೆ ಇದೆ ಅಂದೆ.

ಸರಿ ಹಾಗಾದರೆ ಬೆಸೆದುಬಿಡಬಹುದಲ್ಲ, ಅಂದೆ. ಸರಳುಗಳನ್ನು ಹಿಡಿದಿದ್ದ ಬ್ರಾಕೆಟ್ಟುಗಳೆಲ್ಲ ಬರೀ ಚುಕ್ಕೆ ಬೆಸುಗೆಯಲ್ಲಿ ನಿಂತಿದ್ದವು, ಒಂದೊಂದಕ್ಕೆ ಕಡಲೆಕಾಳಿನಷ್ಟು ನಾಲ್ಕು ಚುಕ್ಕೆ. ಅಳತೆಗೆ ನಿಲ್ಲುತ್ತವೆ, ರಸ್ತೆಗೆ ನಿಲ್ಲುವುದಿಲ್ಲ. ಆ ಚುಕ್ಕೆಗಳ ಮೇಲೆ ತುಕ್ಕು ಹಿಡಿದಿತ್ತು.

ವೆರ್ನಾ ಇಳಿದು ಬಂದು ಗುಳ್ಳೆಯನ್ನು ತಾನೇ ನೋಡಿದಳು.

“ಚೀಲ ಸರಿ ಇಲ್ಲ ಕಣೇ. ಅದು ಹಳೇ ತೂಕ. ಈಗ ಅವಳೆಷ್ಟಿದಾಳೋ ಯಾರಿಗೊತ್ತು.”

ಅಲ್ಲಿಯವರೆಗೆ ಆ ಚೀಲ ವೆರ್ನಾಳ ಬದಲಿಗೆ ಎಂದುಕೊಂಡಿದ್ದೆ. ಅವತ್ತು ತಿಳಿಯಿತು, ಅವಳ ಜಾಗ ಪಕ್ಕದ್ದು. ಓಡಿಸುವವಳು ಅವಳ ತಂಗಿ ಆರ್ಲೀನ್.

ಉಳಿದದ್ದನ್ನು ನಾನು ಅರ್ಧ ಡ್ವೇನ್‌ನಿಂದ, ಅರ್ಧ ವೆರ್ನಾ ಬಾಯಿಬಿಟ್ಟಷ್ಟರಿಂದ ಕೂಡಿಸಿಕೊಂಡೆ. ಅಕ್ಕತಂಗಿಯರು ನಲವತ್ತರ ಮೇಲಿನವರೆಗೂ ಈ ಶೆಡ್ಡಿನಲ್ಲೇ ಒಟ್ಟಿಗೆ ದುಡಿದವರು. ಇಬ್ಬರಿಗೂ ಮದುವೆಯಾಗಲಿಲ್ಲ, ಪುರುಸೊತ್ತಾಗಲಿಲ್ಲ ಅನ್ನುತ್ತಿದ್ದರಂತೆ. ಅಕ್ಕ ಚಾಸಿ ನೋಡಿಕೊಂಡರೆ ತಂಗಿ ಇಂಜಿನ್. ಅಕ್ಕನ ಬೆಸುಗೆ ಸಾಲಾಗಿ ಹೊಂದಿಸಿಟ್ಟ ನಾಣ್ಯಗಳ ಹಾಗೆ ಇರುತ್ತಿತ್ತು. ತಂಗಿ ಇಂಜಿನ್ನಿನ ಸದ್ದು ಕೇಳಿ ಯಾವ ಸಿಲಿಂಡರು ಮುನಿಸಿಕೊಂಡಿದೆ ಅಂತ ಹೇಳುತ್ತಿದ್ದಳು. ವರ್ಷಕ್ಕೊಂದೆರಡು ಸಲ ಎಲ್ ಮಿರಾಜಿನ ಒಣಕೆರೆಯಲ್ಲಿ ಜನ ಸೇರಿ ತಮ್ಮ ತಮ್ಮ ಕಾರುಗಳ ವೇಗ ಅಳೆಯುತ್ತಾರಲ್ಲ, ಅಲ್ಲಿಗೆ ಇಬ್ಬರೂ ಹೋಗುವರು. ಓಡಿಸುವವಳು ಯಾವಾಗಲೂ ಆರ್ಲೀನ್.

ಎಪ್ಪತ್ತೇಳರ ಶರತ್ಕಾಲಕ್ಕೆ ಈ ಕಪ್ಪು ಕಾರನ್ನು ಒಯ್ಯಬೇಕೆಂದು ಹಟ. ಇನ್ನು ಒಂದು ವಾರವಿದೆ ಎನ್ನುವಾಗ ಇಂಜಿನ್ ಇನ್ನೂ ಬೇಕರ್ಸ್‌ಫೀಲ್ಡಿನ ಲೇತ್ ಅಂಗಡಿಯಲ್ಲಿತ್ತು. ಆರ್ಲೀನ್ ಅಲ್ಲೇ ಕಾದು ಕುಳಿತಿದ್ದಳು. ಬಾಡಿ ಬಣ್ಣದವನ ಹತ್ತಿರ. ಶೆಡ್ಡಿನಲ್ಲಿ ಬರೀ ಚಾಸಿ, ನಾಲ್ಕು ಕಬ್ಬಿಣದ ಊರುಗಾಲಿನ ಮೇಲೆ. ಎಲ್ಲ ಭಾರ ಬಂದ ಮೇಲೆ ಹಿಂದಿನ ಅಚ್ಚನ್ನು ಬೆಸೆಯಬೇಕು, ಅದು ಈ ಕಸುಬಿನವರೆಲ್ಲರಿಗೂ ಗೊತ್ತು. ಇಂಜಿನ್ ಇಲ್ಲದಿದ್ದರೆ ಮರಳೋ ಸಿಮೆಂಟೋ ಹೇರಿಯಾದರೂ ಸ್ಪ್ರಿಂಗನ್ನು ಕುಸಿಸಿ ನೋಡಬೇಕು. ಅದಕ್ಕೆ ಒಂದು ಪೂರ್ತಿ ದಿನ ಬೇಕು. ವೆರ್ನಾ ಆ ದಿನವನ್ನು ಉಳಿಸಿದಳು. ಅಂದಾಜಿನ ಮೇಲೆ ಮಟ್ಟ ಮಾಡಿ ಪೂರ್ತಿ ಬೆಸೆದುಬಿಟ್ಟಳು. ಸಂಜೆ ಆರ್ಲೀನ್ ಫೋನ್ ಮಾಡಿ, ತೂಕ ಹಾಕಿ ನೋಡಿದೆಯಾ ಅಂತ ಕೇಳಿದಳಂತೆ. ವೆರ್ನಾ ಹಾಕಿದೆ ಅಂದಳು.

ಇಂಜಿನ್ ಬಂತು, ಬಾಡಿ ಬಂತು, ಚಾಸಿ ಮೂರು ಇಂಚು ಕುಸಿಯಿತು. ಮಟ್ಟವಾಗಿದ್ದ ಅಡ್ಡಸರಳು ಇಳಿಜಾರಾಯಿತು. ಹಾಗಾದರೆ ಪ್ರತಿ ಉಬ್ಬಿಗೂ ಅದು ಅಚ್ಚನ್ನು ಪಕ್ಕಕ್ಕೆ ನೂಕುತ್ತದೆ. ಊರ ರಸ್ತೆಯಲ್ಲಿ ಅದು ತಿಳಿಯಲಿಲ್ಲ. ಒಣಕೆರೆಯಲ್ಲಿ, ನೂರಮೂವತ್ತು ಮೈಲಿ ವೇಗದಲ್ಲಿ ತಿಳಿಯಿತು. ಕಾರಿನ ಹಿಂಭಾಗ ಪಕ್ಕಕ್ಕೆ ಹೆಜ್ಜೆ ಇಟ್ಟು ಮೂರು ಸುತ್ತು ಸುತ್ತಿತು. ಧೂಳು ಕುಳಿತ ಮೇಲೆ ಕಾರು ನೆಟ್ಟಗೆ ನಿಂತಿತ್ತು, ಆರ್ಲೀನಳಿಗೆ ಒಂದು ಗೀರೂ ಆಗಿರಲಿಲ್ಲ. ವೆರ್ನಾ ಓಡಿಕೊಂಡು ಹೋದಳು. ಹೋಗಿ, ಎಲ್ಲರ ಎದುರಿಗೆ ಕೇಳಿದ್ದು ಒಂದೇ ಮಾತು: “ಸ್ಟೀರಿಂಗ್ ಏನು ಮಾಡ್ದೆ ನೀನು?”

ಆರ್ಲೀನ್ ಹೆಲ್ಮೆಟ್ ತೆಗೆದು ಚಾವಣಿಯ ಮೇಲಿಟ್ಟು, ಯಾರದೋ ಟ್ರಕ್ಕು ಹತ್ತಿ ಹೋದಳು. ವಾರದೊಳಗೆ ನೆವಾಡಾದ ಎಲ್ಕೋ ಸೇರಿದಳು. ಹದಿನೇಳು ವರ್ಷವಾಯಿತು.

ಬೆಸುಗೆಯ ತಪ್ಪು ಅಂತ ವೆರ್ನಾಳಿಗೆ ಗೊತ್ತಾದದ್ದು ಯಾವಾಗ ಅಂತ ನಾನು ಕೇಳಿದೆ. ಅವಳು ಸುಳ್ಳು ಹೇಳಲಿಲ್ಲ. ಕೆರೆಯ ಮೇಲೆ ಓಡುತ್ತಿದ್ದಾಗಲೇ ಗೊತ್ತಿತ್ತು, ಅಂದಳು.

ಆ ಚಳಿಗಾಲವೇ ಹಳೆಯ ಬ್ರಾಕೆಟ್ಟುಗಳನ್ನು ಕತ್ತರಿಸಿ ತೆಗೆದು, ಚಾಸಿಯನ್ನು ಉಜ್ಜಿ ಹೊಸದರಂತೆ ಮಾಡಿ, ಹೊಸ ಬ್ರಾಕೆಟ್ಟುಗಳನ್ನು ಚುಕ್ಕೆಯಲ್ಲಿ ನಿಲ್ಲಿಸಿದಳು. ಈ ಸಲ ಎಲ್ಲದರ ತೂಕವೂ ಸರಿ ಇರಬೇಕು. ಆರ್ಲೀನ್ ಬಂದು ಕೂರುತ್ತಾಳೆ, ಅವತ್ತು ಬೆಸೆಯುತ್ತೇನೆ ಎಂಬುದು ವೆರ್ನಾಳ ಲೆಕ್ಕ. ಆದರೆ ಬಾ ಅಂತ ಇವಳು ಕರೆಯಲಿಲ್ಲ, ಬರುತ್ತೇನೆ ಅಂತ ಅವಳು ಬರೆಯಲಿಲ್ಲ. ಕ್ರಿಸ್‌ಮಸ್ಸಿಗೆ ಒಬ್ಬ ಅತ್ತೆಯ ಮಗಳಿಂದ ಕಾರ್ಡು ಬರುತ್ತಿತ್ತು, ಅದರಲ್ಲಿ ಆರ್ಲೀನ್ ಚೆನ್ನಾಗಿದ್ದಾಳೆ ಎಂಬ ಒಂದು ಸಾಲು. ಒಂದು ವರ್ಷ ವಿಳಾಸವೂ ಬಂದಿತ್ತು. ಅದು ಸ್ಪ್ಯಾನರು ಪೆಟ್ಟಿಗೆಯ ಮೇಲಿನ ಅರೆಯಲ್ಲಿ ಎಣ್ಣೆ ಕುಡಿದು ಪಾರದರ್ಶಕವಾಗಿತ್ತು.

ಡ್ವೇನ್‌ಗೆ ಇದೆಲ್ಲ ತಲೆಹರಟೆ. ಇಪ್ಪತ್ತು ಪೌಂಡು ಹೆಚ್ಚುಕಡಿಮೆಯಾದರೆ ಕಾರು ಕಾಲಿಂಚೂ ಇಳಿಯುವುದಿಲ್ಲ, ಬೇಕಿದ್ದರೆ ತಿರುಗಿಸಿ ಎತ್ತರ ಬದಲಿಸುವ ಸ್ಪ್ರಿಂಗು ನಾನೇ ತಂದು ಕೊಡುತ್ತೇನೆ, ಅನ್ನುತ್ತಿದ್ದ. ವೆರ್ನಾಳಿಗೆ ಅದು ಅವನಿಗಿಂತ ಚೆನ್ನಾಗಿ ಗೊತ್ತಿತ್ತು.

ಇನ್ನೂ ಹದಿನೇಳು ವರ್ಷ ಹಾಗೇ ಇರುತ್ತಿತ್ತೋ ಏನೋ. ಆದರೆ ಜೂನ್ ಮೊದಲ ಶುಕ್ರವಾರ ಮಾರೆನ್‌ಳ ತೂಕ ಬರೆಯುವಾಗ ಸೀಮೆಸುಣ್ಣ ಗೋಡೆಯ ಮೇಲೆ ಟಕಟಕ ಅಂದಿತು. ಹದಿಮೂರು ಅನ್ನುವ ಅಂಕಿ ಸೊಟ್ಟಪಟ್ಟಾಗಿ ಬಂತು. ಬಲಗೈ ನಡುಗುತ್ತಿತ್ತು. ನಾನು ನೋಡಿದ್ದನ್ನು ಅವಳು ನೋಡಿದಳು. ಎರಡು ವರ್ಷದಿಂದ ಇದೆಯಂತೆ. ಡಾಕ್ಟರು, ಇದು ಕೊಲ್ಲುವ ಕಾಯಿಲೆಯಲ್ಲ, ಆದರೆ ಕಡಿಮೆಯಾಗುವುದೂ ಅಲ್ಲ ಅಂದಿದ್ದರು. ಮಣಿಕಟ್ಟಿನಡಿ ಕಾಫಿ ಡಬ್ಬ ಇಟ್ಟುಕೊಂಡು ಬೆಸೆಯುತ್ತಿದ್ದಳು. ಈ ಬೇಸಿಗೆ ಆದೀತು, ಮುಂದಿನದು ಹೇಳಲಾರೆ ಅಂದಳು.

ಡ್ವೇನ್ ಬೆಸೆದುಕೊಡುವುದಿಲ್ಲವೇ ಅಂತ ಕೇಳಿದೆ.

“ತಪ್ಪು ಮಾಡಿದ್ದು ಯಾವ ಕೈಯೋ ಆ ಕೈಯೇ ಬೆಸೀಬೇಕು. ಡ್ವೇನ್ ಬೆಸೆದ್ರೆ ಅವಳು ಕೂರಲ್ಲ.”

ಹಾಗಿದ್ದರೆ ಕಾಗದ ಬರೆ ಅಂದೆ. ಏನಂತ ಬರೆಯಲಿ ಅಂದಳು. ನನಗೆ ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಒದ್ದೆ ಬಟ್ಟೆ. ಅಷ್ಟೆಲ್ಲ ಯೋಚಿಸುವ ವ್ಯವಧಾನ ಇರಲಿಲ್ಲ. “ತೂಕ ಎಷ್ಟು ಅಂತ ಕೇಳು. ಬೇಕಾಗಿರೋದು ಅದೇ ತಾನೇ?” ಅಂದೆ.

ಅವಳು ಬಹಳ ಹೊತ್ತು ಕೈ ಒರೆಸಿಕೊಂಡಳು. ಆಮೇಲೆ, ತನ್ನ ಕೈಬರಹ ಹೀಗಿರುವುದು ಆರ್ಲೀನಳಿಗೆ ಕಾಣಬಾರದು, ನೀನೇ ಬರಿ ಅಂದಳು. ನಾನು ಮಗುವಿನ ಹಾಲು ನಿದ್ದೆಗಳ ಲೆಕ್ಕ ಇಡುವ ಪುಸ್ತಕದಿಂದ ಒಂದು ಹಾಳೆ ಹರಿದೆ. ಅವಳು ಹೇಳಿ ಬರೆಸಿದ್ದು ಇಷ್ಟು: ಹಳೇ ಬ್ರಾಕೆಟ್ ತೆಗೆದೆ. ಚಾಸಿ ಉಜ್ಜಿದೆ. ಹೊಸವು ಚುಕ್ಕೆಯಲ್ಲಿವೆ. ಇಂಜಿನ್, ಬಾಡಿ, ಪೆಟ್ರೋಲು ಎಲ್ಲ ಹೇರಿದೆ. ನಿನ್ನ ತೂಕ ಬೇಕು.

ನಾನು ಪೆನ್ನು ಎತ್ತದೆ ಕಾದೆ.

“ಅಷ್ಟೇನಾ? ಕ್ಷಮಿಸು ಅಂತೇನಾದ್ರೂ...”

“ಅದರಲ್ಲೇ ಇದೆ.”

“ಎಲ್ಲಿದೆ?”

“ಬ್ರಾಕೆಟ್ ತೆಗೆದೆ ಅಂದ್ನಲ್ಲ. ಸರಿಯಿದ್ದಿದ್ರೆ ಯಾಕೆ ತೆಗೀತಿದ್ದೆ? ಅವಳಿಗೆ ಅರ್ಥ ಆಗುತ್ತೆ.”

ನಾನು ವಾದಿಸಲಿಲ್ಲ. ಆದರೆ ಲಕೋಟೆಯನ್ನು ಅಂಟಿಸಲೂ ಇಲ್ಲ. ಮನೆಗೆ ತಂದು ಅಡುಗೆಮನೆಯ ಕಿಟಕಿಯ ಮೇಲಿಟ್ಟೆ. ಅಂಚೆಗೆ ಹಾಕಿದೆಯಾ ಅಂತ ಮಾರನೆಯ ದಿನ ಕೇಳಿದಳು, ಇಲ್ಲ ಅಂದೆ. ಯಾಕೆ ಅಂತ ಕೇಳಲಿಲ್ಲ. ಮೂರನೆಯ ದಿನ, ನಾನು ಬಿಸ್ಕತ್ತಿನ ಹಿಟ್ಟು ಲಟ್ಟಿಸುತ್ತಿದ್ದಾಗ, ಹಿಂಬಾಗಿಲ ಜಾಲರಿಯ ಆಚೆ ನಿಂತಳು. ಒಳಗೆ ಬರಲಿಲ್ಲ. ಬೂಟಿನಲ್ಲಿ ಗ್ರೀಸಿದೆ ಅಂದಳು.

“ಆ ಕಾಗದದ ಕೊನೇಲಿ ಇನ್ನೊಂದು ಸಾಲು ಸೇರಿಸು. ಎಪ್ಪತ್ತೇಳರಲ್ಲಿ ನಾನು ತೂಕ ಹಾಕಿರಲಿಲ್ಲ, ಅಂತ.”

ಹೇಳಿ ಹೊರಟೇ ಹೋದಳು. ನಾನು ಹಿಟ್ಟಿನ ಕೈಯಲ್ಲೇ ಬರೆದೆ. ಆ ಸಾಲಿನ ಮೇಲೆ ನನ್ನ ಬೆರಳಿನ ಬಿಳಿ ಗುರುತು ಉಳಿಯಿತು. ಅಂಚೆಯವನು ಬರುವ ಹೊತ್ತಾಗಿತ್ತು. ಬೇರೆ ಹಾಳೆಯಲ್ಲಿ ಬರೆದರೆ ಅವಳ ಮನಸ್ಸು ಬದಲಾದೀತೆಂದು ಹಾಗೇ ಹಾಕಿಬಿಟ್ಟೆ.

ಎಲ್ಕೋಗೆ ಕಾಗದ ಮೂರು ದಿನಕ್ಕೆ ಮುಟ್ಟುತ್ತದೆ. ಬರಲು ಮೂರು ದಿನ. ನಾನು ಎಣಿಸಿದ್ದು ಒಂದು ವಾರ. ಜೂನ್ ಮುಗಿಯಿತು. ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಪಟಾಕಿಗೆ ಮಾರೆನ್ ಬೆಚ್ಚಿ ಅತ್ತಳು, ಮೊದಲ ಸಲ ಮಗ್ಗುಲು ಬದಲಿಸಿದಳು, ಗೋಡೆಯ ಮೇಲೆ ಅವಳ ಸಾಲು ಉದ್ದವಾಗುತ್ತ ಹೋಯಿತು. ಅಂಚೆಪೆಟ್ಟಿಗೆ ನಮ್ಮೆರಡು ಮನೆಗೂ ಒಂದೇ, ರಸ್ತೆಯಂಚಿನಲ್ಲಿ. ದಿನಾ ಹನ್ನೊಂದಕ್ಕೆ ಮಗುವನ್ನು ಸೊಂಟಕ್ಕೇರಿಸಿ ಹೋಗುತ್ತಿದ್ದೆ. ತಿರುಗಿ ಬರುವಾಗ ಶೆಡ್ಡಿನ ಬಾಗಿಲಲ್ಲಿ ವೆರ್ನಾ ಏನನ್ನೋ ಹುಡುಕುತ್ತಿರುತ್ತಿದ್ದಳು. ನನ್ನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. ವಿದ್ಯುತ್ ಬಿಲ್ಲಿನ ಉದ್ದ ಲಕೋಟೆ ಕಂಡರೆ ಅಷ್ಟು ದೂರದಿಂದಲೇ ತಿಳಿದು ಒಳಗೆ ಹೋಗುತ್ತಿದ್ದಳು. ನಾನು ಬರೆಸಿ ತಪ್ಪು ಮಾಡಿದೆನೇನೋ ಅನಿಸತೊಡಗಿತು. ಕಾಗದ ಹಾಕದೆ ಇದ್ದಾಗ ಆರ್ಲೀನ್ ಬಂದಾಳು ಅಂದುಕೊಳ್ಳಬಹುದಿತ್ತು. ಈಗ ಹಾಗೆ ಅಂದುಕೊಳ್ಳುವಂತೆಯೂ ಇರಲಿಲ್ಲ.

ಆಗಲೂ ಊಟದ ನಂತರ ಕಪ್ಪು ಕಾರಿನ ಕೆಲಸ ನಿಲ್ಲಲಿಲ್ಲ. ಮಾಡುವುದೇನೂ ಉಳಿದಿರಲಿಲ್ಲ. ಬಾಗಿಲ ಹಿಡಿಗಳನ್ನು ಒರೆಸುವಳು. ಒಂದು ದಿನ ಒಳಗೆ ಇಣುಕಿದಾಗ ತನ್ನ ಸೀಟಿನಲ್ಲಿ ಕುಳಿತಿದ್ದಳು, ಕೈ ಚೀಲದ ಮೇಲೆ. ನಾನು ಸದ್ದು ಮಾಡದೆ ವಾಪಸಾದೆ.

ಆಗಸ್ಟ್ ಒಂಬತ್ತು, ಮಂಗಳವಾರ. ಒಂದು ಪೋಸ್ಟ್‌ಕಾರ್ಡು. ಮುಂದೆ ರೈಲ್ವೆ ನಿಲ್ದಾಣದ ಚಿತ್ರ. ಹಿಂದೆ ಏನಿದೆ ಅಂತ ಓದಬಾರದಿತ್ತು, ಓದಿದೆ. ಮೂರು ಸಾಲು, ಸಂಬೋಧನೆ ಇಲ್ಲ, ಸಹಿ ಇಲ್ಲ.

ನೂರೈವತ್ತಮೂರು, ಬೂಟು ಸೇರಿ.
ಅದು ನನಗೆ ಕೆರೆಯ ಮೇಲೇ ಗೊತ್ತಿತ್ತು.
ಅಡ್ಡಸರಳು ಎಷ್ಟು ಉದ್ದ ಇಟ್ಟಿದ್ದೀಯ?

ವೆರ್ನಾ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಓದಿದಳು. ಮಣಿಕಟ್ಟನ್ನು ಚೌಕಟ್ಟಿಗೆ ಒತ್ತಿ ಹಿಡಿದಳು. ಎರಡನೆಯ ಸಲ ಓದಿದಳು. ಆಮೇಲೆ ನಾನು ಕುಳಿತು ಅತ್ತಿದ್ದ ಆ ಟೈರಿನ ಮೇಲೆ ಕುಳಿತಳು.

“ಸುಳ್ಳಿ,” ಅಂದಳು. “ಹತ್ತು ಪೌಂಡು ಕಮ್ಮಿ ಹೇಳದೆ ಇದ್ದ ದಿನ ಇಲ್ಲ ಅವಳು.”

ನಾನು ಪಕ್ಕದಲ್ಲಿ ಕುಳಿತಾಗ ಮಾರೆನ್ ಅವಳ ಮೂಗಿಗೆ ಕೈ ಹಾಕಿದಳು. ವೆರ್ನಾ ಆ ಕೈಯನ್ನು ತೆಗೆಯಲಿಲ್ಲ.

ಅವತ್ತು ಮಧ್ಯಾಹ್ನವೇ ಹಿತ್ತಲಿನ ಮರಳು ಜರಡಿ ಹಿಡಿದು, ಮೂವತ್ತೆರಡು ಪೌಂಡು ತೂಗಿ ಚೀಲಕ್ಕೆ ಸೇರಿಸಿದಳು. ನೂರ ಅರವತ್ತಮೂರು. ಬೆಲ್ಟನ್ನು ಎರಡು ತೂತು ಸಡಿಲಿಸಬೇಕಾಯಿತು. ಗುಳ್ಳೆ ಗೆರೆಯ ಅಂಚಿಗೆ ಸರಿದಿತ್ತು. ಚಾಸಿಯ ಕಡೆಯ ಬ್ರಾಕೆಟ್ಟಿನ ಚುಕ್ಕೆಗಳನ್ನು ಉಜ್ಜಿ ಬಿಡಿಸಿ, ಕೂದಲಿನಷ್ಟು ಎತ್ತಿ, ಮತ್ತೆ ಚುಕ್ಕೆ ಹಾಕಿದಳು. ಕರ್ಣದ ಅಳತೆ ಮತ್ತೆ ಎರಡು ಸಲ. ಟೇಪಿನ ತುದಿ ನಾನೇ ಹಿಡಿದೆ.

ಶನಿವಾರ ಮಗುವನ್ನು ಕ್ಲೇಯ ಬಳಿ ಬಿಟ್ಟು ಹೋದೆ. ಬೆಸುಗೆಯ ಹೊಗೆಯಲ್ಲಿ ಅವಳನ್ನು ತರುವಂತಿರಲಿಲ್ಲ. ವೆರ್ನಾ ಕಾಫಿ ಡಬ್ಬದ ಮೇಲೆ ಮಣಿಕಟ್ಟು ಊರಿ ಆರಂಭಿಸಿದಳು. ಎಡಗಡೆ ಒಂದಿಂಚು, ಆಮೇಲೆ ಎದ್ದು ಬಲಗಡೆ ಒಂದಿಂಚು. ಒಂದೇ ಕಡೆ ಕಾಯಿಸಿದರೆ ಕಬ್ಬಿಣ ಎಳೆದುಕೊಂಡು ಇಷ್ಟು ವರ್ಷದ ಅಳತೆ ಕೆಟ್ಟುಹೋಗುತ್ತದೆ. ನಡುವೆ ಆರಲು ಬಿಟ್ಟು, ಐಸ್ ಹಾಕಿದ ಚಹಾ ಕುಡಿದು, ಮತ್ತೆ ಒಂದಿಂಚು. ಡ್ವೇನ್ ಬಂದವನು ಚೀಲಕ್ಕೆ ಟೋಪಿ ತೆಗೆದ, ಅದು ದಪ್ಪಗಾದದ್ದನ್ನು ನೋಡಿದ. ಆಮೇಲೆ ದೀಪ ಹಿಡಿದು ನಿಂತ. ನಾಲ್ಕು ಗಂಟೆಯ ಹೊತ್ತಿಗೆ ಕೊನೆಯ ಬ್ರಾಕೆಟ್ಟು ಮುಗಿಯಿತು. ಹಳೆಯ ನಾಣ್ಯದ ಸಾಲಿನಂತಿರಲಿಲ್ಲ ಅದು, ಅಲ್ಲಲ್ಲಿ ಅಲೆಯಾಗಿತ್ತು. ಬೆರಳಿನಿಂದ ಸವರಿ ನೋಡಿ, ಚೆಂದವಿಲ್ಲ, ಬಿಡುವುದಿಲ್ಲ, ಅಂದಳು.

ಕಾರನ್ನು ನೆಲಕ್ಕಿಳಿಸಿ ತನ್ನ ಸೀಟಿನಲ್ಲಿ ಕುಳಿತಳು. ನಾನು ಅಡಿಯಲ್ಲಿ ಮಲಗಿ ರಸಮಟ್ಟ ನೋಡಿದೆ. ಗುಳ್ಳೆ ನಡುವೆ ನಿಂತಿತ್ತು. ಕೂಗಿ ಹೇಳಿದೆ. ಅವಳು ಇಳಿಯಲಿಲ್ಲ. ನನ್ನ ಬೆನ್ನು ಸಿಮೆಂಟಿನ ಮೇಲೆ ನೋಯತೊಡಗಿದರೂ ಹಾಗೇ ಇದ್ದೆ.

ಉತ್ತರ ಬರೆದದ್ದು ಭಾನುವಾರ. ಅವಳು ಹೇಳಿದಳು, ನಾನು ಬರೆದೆ: ಮೂವತ್ತೊಂದೂವರೆ ಇಂಚು. ಮಟ್ಟವಾಗಿದೆ. ಬೆಸುಗೆ ಮುಗಿಯಿತು. ಬಾ ಅಂತ ಬರೆಯಲೇ ಅಂತ ಈ ಸಲ ನಾನು ಕೇಳಲಿಲ್ಲ. ಆದರೆ ಮಡಿಸುವ ಮೊದಲು ಅವಳು ಕಾಗದವನ್ನು ನನ್ನಿಂದ ತೆಗೆದುಕೊಂಡು, ಕಾಫಿ ಡಬ್ಬವನ್ನು ಹತ್ತಿರಕ್ಕೆಳೆದು, ಮಣಿಕಟ್ಟು ಊರಿ, ತಾನೇ ಒಂದು ಸಾಲು ಬರೆದಳು. ಅಕ್ಷರಗಳು ಚಿಕ್ಕ ಮಕ್ಕಳು ಬರೆದಂತಿದ್ದವು. ಆ ಕೈಬರಹ ತಂಗಿಗೆ ಕಾಣಲಿ ಅಂತ ಈಗ ಅನಿಸಿರಬೇಕು.

ಸೀಟು ನೀನು ಇಟ್ಟಲ್ಲೇ ಇದೆ, ಸರಿಸಿಲ್ಲ.

ಸೋಮವಾರ ಅದನ್ನು ಅಂಚೆಪೆಟ್ಟಿಗೆಯಲ್ಲಿಟ್ಟು, ಅಂಚೆಯವನಿಗೆ ಗುರುತಾಗಲೆಂದು ಅದರ ಕೆಂಪು ಬಾವುಟ ಎತ್ತಿ ಬಂದೆ. ಶೆಡ್ಡಿನ ಗೋಡೆಯ ಮೇಲೆ ಆರ್ಲೀನಳ ಎದುರಿನ ನೂರ ಮೂವತ್ತೊಂದನ್ನು ಒದ್ದೆ ಬಟ್ಟೆಯಿಂದ ಒರೆಸಿ ವೆರ್ನಾ ಹೊಸ ಅಂಕಿ ಬರೆದಿದ್ದಳು. ಕೆಳಗೆ ಮಾರೆನ್, ಹದಿನೈದು ಪೌಂಡು ಎರಡು ಔನ್ಸು. ವೆರ್ನಾ ದೊಡ್ಡ ಬಾಗಿಲೆರಡನ್ನೂ ಗಾಳಿಗೆ ಬಡಿಯದಂತೆ ಕಲ್ಲು ಕೊಟ್ಟು ತೆರೆದಿಟ್ಟು, ಕಪ್ಪು ಕಾರಿನ ಮೂತಿ ರಸ್ತೆಗೆ ಕಾಣುವಂತೆ ಒಬ್ಬಳೇ ತಳ್ಳುತ್ತಿದ್ದಳು. ನಾನು ಮಗುವನ್ನು ಬುಟ್ಟಿಯಲ್ಲಿ ಮಲಗಿಸಿ ಇನ್ನೊಂದು ಪಕ್ಕಕ್ಕೆ ಹೋಗಿ ಹೆಗಲು ಕೊಟ್ಟೆ. ಕಾರು ನೆಟ್ಟಗೆ ಹೋಯಿತು.